ದೀಪ ಆರಿದ್ದಾಗ ಗುನುಗಿದ್ದು

ನೆಲಮಾಳಿಗೆಯ ಮೆಟ್ಟಿಲ ಬಾಯಲ್ಲಿ ಒಂದು ಕೆಂಪು ದೀಪ ಇತ್ತು. ಅದು ಹತ್ತಿತೆಂದರೆ ಸ್ವೆಂಡ್‌ಬೋರ್ ಎಂಬ ಊರಿನ ಆ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ನಿಲ್ಲಬೇಕು, ಮಹಡಿ ಹತ್ತುವವರು ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿಯಬೇಕು, ಸಂಡಾಸಿಗೆ ಹೋದವರು ನೀರು ಬಿಡದೆ ಕೂತಿರಬೇಕು. ಕೆಳಗೆ ರಿಕ್ಕೆ ಮೈಕು ತೆರೆದಿದ್ದಾಳೆ ಅಂತ ಅದರ ಅರ್ಥ. ರಿಕ್ಕೆ ಸಿನಿಮಾಗಳಿಗೆ, ಟೀವಿ ಧಾರಾವಾಹಿಗಳಿಗೆ ಸಂಗೀತ ಕಟ್ಟುವವಳು. ಮನೆಯ ಸಾಲ ಅರ್ಧ ಅವಳ ಸಂಗೀತದಿಂದ ತೀರುತ್ತಿತ್ತು, ಇನ್ನರ್ಧ ಅವಳ ಗಂಡ ಕ್ಲಾವ್ಸ್ ಓಡಿಸುವ ಊರ ಬಸ್ಸಿನಿಂದ.

"ಬೇರೆಯವರ ಮನೇಲಿ ರಸ್ತೆ ದಾಟೋಕೆ ಸಿಗ್ನಲ್ ನೋಡ್ತಾರೆ, ನಮ್ಮನೇಲಿ ಉಚ್ಚೆ ಹೊಯ್ಯೋಕೆ," ಅಂತ ಹೈಸ್ಕೂಲು ಮುಗಿಸುತ್ತಿದ್ದ ಮಗಳು ಸೋಲ್ವೈ ಗೊಣಗುತ್ತಿದ್ದಳು.

ದೀಪಕ್ಕೆ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಕೊಡುತ್ತಿದ್ದವಳು ರಿಕ್ಕೆಯ ಅತ್ತೆ ಗುಡ್ರುನ್. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು ಅಡುಗೆಮನೆಯನ್ನು ಕೈಗೆ ತೆಗೆದುಕೊಂಡಿದ್ದಳು. ದೀಪ ಹತ್ತಿತೋ, ಕೆಟಲು ಸಿಳ್ಳೆ ಹೊಡೆಯುವ ಮೊದಲೇ ಒಲೆಯಿಂದ ಇಳಿಯುತ್ತಿತ್ತು. ಒಂದು ಸಲ ಫ್ರಿಜ್ಜಿನ ಗುಂಯ್ ಸದ್ದು ಕೆಳಗೆ ಕೇಳೀತು ಅಂತ ಪ್ಲಗ್ಗು ಕಿತ್ತು, ಮತ್ತೆ ಹಾಕಲು ಮರೆತು, ಹೆರಿಂಗ್ ಮೀನೆಲ್ಲ ಹಳಸಿ ಹೋಗಿತ್ತು. ಅವತ್ತೂ ಆಕೆ ದೀಪವನ್ನು ಬೈಯಲಿಲ್ಲ. "ಕೆಲಸ ಅಂದ್ರೆ ಕೆಲಸ" ಅಂದು ಮೀನನ್ನು ಸುರಿದು ಬಂದಳು.

ಆ ಚಳಿಗಾಲ ರಿಕ್ಕೆಯ ಕೈಯಲ್ಲಿ ಇದ್ದದ್ದು ಒಂದು ಕೊಲೆಯ ಧಾರಾವಾಹಿ. ಬಂದರಿನ ಕೆಸರಲ್ಲಿ ಒಬ್ಬ ಹುಡುಗಿಯ ಹೆಣ ಸಿಗುತ್ತದೆ. ನಿರ್ದೇಶಕನ ಹೆಸರು ಯೆಪ್ಪೆ, ಕೋಪನ್‌ಹೇಗನ್‌ನವನು, ಚಿಕ್ಕ ವಯಸ್ಸು, ದೊಡ್ಡ ಹೆಸರು. ಭಾನುವಾರ ರಾತ್ರಿ ಎಂಟರ ಧಾರಾವಾಹಿ ಅಂದರೆ ದೇಶವೆಲ್ಲ ಸೋಫಾದ ಮೇಲೆ ಕೂತು ನೋಡುವಂಥದ್ದು. ಅದು ರಿಕ್ಕೆಗೆ ಮೊದಲ ಸಲ ಸಿಕ್ಕಿತ್ತು.

ಈ ಕೆಲಸದಲ್ಲಿ ಒಂದು ಹಳೇ ಕಾಯಿಲೆ ಇದೆ. ಎಡಿಟಿಂಗ್ ಮಾಡುವವರು ಸಂಗೀತ ಬರುವ ತನಕ ಕಾಯುವುದಿಲ್ಲ. ಎಲ್ಲಿಂದಲೋ ಒಂದು ತುಣುಕು ತಂದು 'ಸದ್ಯಕ್ಕೆ ಇರಲಿ' ಅಂತ ಚಿತ್ರದ ಕೆಳಗೆ ಇಡುತ್ತಾರೆ. ನಿರ್ದೇಶಕ ಆ ಸದ್ಯಕ್ಕೆ ಇಟ್ಟದ್ದನ್ನೇ ದಿನಾ ಕೇಳುತ್ತಾನೆ, ಕೇಳಿ ಕೇಳಿ ಅದಿಲ್ಲದೆ ಊಟ ಸೇರದವನ ಹಾಗಾಗುತ್ತಾನೆ. ಆಮೇಲೆ ನೀವು ದೇವಲೋಕದ ರಾಗವನ್ನೇ ತಂದುಕೊಟ್ಟರೂ ಅದು ಅವನಿಗೆ ಮಲತಾಯಿ. ರಿಕ್ಕೆ ಇದರಲ್ಲಿ ಸಾಕಷ್ಟು ಸಲ ಕೈ ಸುಟ್ಟುಕೊಂಡಿದ್ದಳು. ಅದಕ್ಕೇ ಈ ಸಲ ಸದ್ಯಕ್ಕೆ ಇಡುವುದನ್ನೂ ತಾನೇ ಕಳಿಸುತ್ತಿದ್ದಳು.

ಒಂದು ದೃಶ್ಯ ಮಾತ್ರ ಬಗ್ಗಲಿಲ್ಲ. ಮಗಳ ಹೆಣ ಗುರುತು ಹಿಡಿದು ಬಂದ ತಾಯಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತಿರುತ್ತಾಳೆ. ಅಷ್ಟೇ. ಪಿಯಾನೋ ಇಟ್ಟರೆ ಅಳುಬುರುಕು, ಪಿಟೀಲು ಇಟ್ಟರೆ ಅದಕ್ಕಿಂತ ಅಳುಬುರುಕು. ರಿಕ್ಕೆ ಸೋತು ಮೇಲೆ ಬಂದು ಕಾಫಿ ಹಿಡಿದು ಅಡುಗೆಮನೆಯ ಮೇಜಿಗೆ ಕೂತಳು. ಗುಡ್ರುನ್ ಬೆನ್ನು ಹಾಕಿ ನಿಂತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತ ಏನೋ ಗುನುಗುತ್ತಿದ್ದಳು. ದನಿ ಮೇಲೇರಿದಲ್ಲಿ ಸೀಳುತ್ತಿತ್ತು, ಉಸಿರು ಸಾಲದೆ ನಿಲ್ಲುತ್ತಿತ್ತು, ಒಂದು ಗಡ್ಡೆ ನೀರಿಗೆ ಬೀಳುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ರಿಕ್ಕೆ ಫೋನಿನ ಗುಂಡಿ ಒತ್ತಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು. ಕೆಳಗೆ ಹೋಗಿ ಅದನ್ನು ದೃಶ್ಯದ ಕೆಳಗಿಟ್ಟು, ತೆಳ್ಳಗೆ ಸೆಲ್ಲೊ ಎಂಬ ದೊಡ್ಡ ಪಿಟೀಲಿನ ದನಿ ಸೇರಿಸಿ ಯೆಪ್ಪೆಗೆ ಕಳಿಸಿದಳು. ಸದ್ಯಕ್ಕೆ, ಆಮೇಲೆ ಬದಲಿಸುತ್ತೇನೆ ಅಂತ ಬರೆದಳು.

ಕೆಲವು ವಾರ ಕಳೆದ ಮೇಲೆ ಯೆಪ್ಪೆಯ ಫೋನು ಬಂತು.

"ಯಾರು ಆಕೆ?"

"ಯಾರು?"

"ಆ ಗುನುಗೋ ಮುದುಕಿ. ರಿಕ್ಕೆ, ಹಳೇ ಬಟ್ಟೆ ಹರಿದ ಹಾಗಿದೆ ಆ ದನಿ. ಸತ್ತವರು ಹಾಡಿದ ಹಾಗೆ. ಪ್ರತಿ ಕಂತಿನ ಶುರುವಿಗೂ ಅದನ್ನೇ ಹಾಕಿದೀನಿ. ಜಾಹೀರಾತಿಗೂ ಹಾಕಿದೀನಿ, ಕಳಿಸ್ತೀನಿ ನೋಡು."

"ಅದು ನನ್ನ ಅತ್ತೆ. ಅದು ಸದ್ಯಕ್ಕೆ ಅಂತ ಇಟ್ಟಿದ್ದು, ಯೆಪ್ಪೆ."

"ಈಗ ಹಂಗಲ್ಲ. ಆಕೆ ಹತ್ರ ಒಂದು ಒಪ್ಪಿಗೆ ಸಹಿ ಹಾಕಿಸ್ಕೊಂಡ್ಬಿಡು."

ಹೇಳಬೇಕು, ಇವತ್ತು ಹೇಳಬೇಕು ಅಂದುಕೊಂಡೇ ರಿಕ್ಕೆ ವಾರ ತಳ್ಳಿದಳು. ಅವಳಿಗಿಂತ ಮುಂಚೆ ಸೋಲ್ವೈ ಹೇಳಿಬಿಟ್ಟಳು. ಅವತ್ತು ಊಟಕ್ಕೆ ಮಾಂಸದ ಉಂಡೆ, ಕೆಂಪು ಎಲೆಕೋಸು. ಎಲೆಕೋಸಿನ ಬಟ್ಟಲನ್ನು ಸರಿಸಿ ಸೋಲ್ವೈ ಅಮ್ಮನ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು.

"ಅಮ್ಮನ ಧಾರಾವಾಹಿದು ಜಾಹೀರಾತು ಬಂದಿದೆ. ಇಡೀ ದೇಶದಲ್ಲಿ ಮೊದಲು ನೋಡ್ತಿರೋದು ನಾವೇ."

"ಊಟ ಆದ್ಮೇಲೆ," ಅಂತ ರಿಕ್ಕೆ ಕೈ ಚಾಚುವಷ್ಟರಲ್ಲಿ ಅದು ಓಡತೊಡಗಿತ್ತು. ಕಪ್ಪು ನೀರು, ಕೆಸರಿನಲ್ಲಿ ಒಂದು ಬರಿಗಾಲು, ಅದರ ಮೇಲೆ ಗುಡ್ರುನ್‌ಳ ದನಿ.

ಗುಡ್ರುನ್ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಇಳಿಸಿದಳು.

"ಇದು ನಾನು," ಅಂದಳು.

ರಿಕ್ಕೆ ಲ್ಯಾಪ್‌ಟಾಪನ್ನು ಮುಚ್ಚಿದಳು.

"ಕ್ಲಾವ್ಸ್, ಇದು ನಾನಲ್ವೇನೋ?"

"ಹಂಗೇ ಕೇಳ್ಸತ್ತಮ್ಮ," ಅಂದ ಕ್ಲಾವ್ಸ್, ಹೆಂಡತಿಯ ಮುಖ ನೋಡುತ್ತ.

"ಯಾವಾಗ ಹಿಡ್ಕೊಂಡೆ ಇದನ್ನ?" ಗುಡ್ರುನ್ ಸೊಸೆಯ ಕಡೆ ತಿರುಗಿದಳು.

"ಇಲ್ಲೇ ಕೂತಿದ್ದಾಗ. ಫೋನಲ್ಲಿ. ಸುಮ್ನೆ, ಜಾಗ ತುಂಬೋಕೆ ಅಂತ."

"ದೀಪ ಹತ್ತಿತ್ತಾ?"

"ದೀಪ ಇರೋದು ಕೆಳಗಿನ ಕೋಣೆಗಲ್ವಾ ಗುಡ್ರುನ್, ಅಡುಗೆಮನೆಗೆ..."

"ಹತ್ತಿತ್ತಾ, ಇಲ್ವಾ?"

"ಇಲ್ಲ."

"ಈ ಮನೆಗೆ ಬಂದಾಗಿಂದ ನಾನು ಆ ದೀಪ ನೋಡ್ಕೊಂಡು ಕೆಮ್ಮಿದೀನಿ. ಸೀನು ಬಂದ್ರೆ ತೋಟಕ್ಕೆ ಹೋಗಿ ಸೀನಿದೀನಿ. ನೀನು ಮೈಕು ತೆಗ್ದಾಗ ನಮ್ಗೆ ಗೊತ್ತಾಗ್ಲಿ ಅಂತ ತಾನೇ ಅದಿರೋದು? ನನ್ನ ಬೆನ್ನ ಹಿಂದೆ ಕೂತು ಹಿಡ್ಕೊಂಡು, ಒಂದು ಹೆಣದ ಮೇಲೆ ಹೊದಿಸಿದೀಯಲ್ಲ."

"ಎಲ್ರಿಗೂ ಅದು ತುಂಬ ಇಷ್ಟ ಆಗಿದೆ, ನಿನ್ನದೊಂದು ಒಪ್ಪಿಗೆ ಸಹಿ ಬೇಕಂತೆ," ಅಂದಳು ರಿಕ್ಕೆ.

"ಏನು ಇಷ್ಟ ಆಯ್ತಂತೆ?"

ರಿಕ್ಕೆಗೆ ಬಾಯಿಗೆ ಬಂದದ್ದು ಯೆಪ್ಪೆಯ ಮಾತು, ಹಳೇ ಬಟ್ಟೆ ಹರಿದ ಹಾಗೆ. ಅದನ್ನು ನುಂಗಿಕೊಂಡಳು. ಗುಡ್ರುನ್ ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. "ತೆಗ್ಸು ಅದನ್ನ. ನಾನು ಯಾವ ಕಾಗದಕ್ಕೂ ಸಹಿ ಹಾಕಲ್ಲ." ಇಷ್ಟು ಹೇಳಿ ತನ್ನ ಕೋಣೆಗೆ ಹೋದಳು. ಉಂಡೆಗಳು ಆರಿಹೋದವು.

ಪಾತ್ರೆ ತೊಳೆಯುವಾಗ ಕ್ಲಾವ್ಸ್ ಹೇಳಿದ: "ಚರ್ಚಲ್ಲಿ ಹಾಡೋ ಮೇಳದಿಂದ ಅಮ್ಮನ್ನ ತೆಗೆದ್ರಲ್ಲ, ಅದಾಗಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಗಾಯ ಹಸಿ ಇದೆ."

"ತೆಗೆದ್ರಾ? ಯಾರು?"

"ಹೊಸದಾಗಿ ಬಂದಿದಾನಲ್ಲ, ಮೇಳ ನಡೆಸೋ ಹುಡುಗ. ಅಮ್ಮನ್ನ ಕೂರಿಸ್ಕೊಂಡು, ಕಾಫಿ ಕೊಟ್ಟು, ಕೇಕ್ ಕೊಟ್ಟು, 'ನಿನ್ನ ದನಿ ಮೇಲಕ್ಕೆ ಹೋದಾಗ ಒಡೀತಿದೆ ಗುಡ್ರುನ್, ಇನ್ಮೇಲೆ ನೀನು ಕಾಫಿ ಉಸ್ತುವಾರಿ ನೋಡ್ಕೋ' ಅಂದಿದಾನೆ. ಮದುವೆ ಆದಾಗಿಂದ ಆ ಮೇಳದಲ್ಲಿದ್ಳು. ನೀಲಿ ರವಿಕೆ ಇಸ್ತ್ರಿ ಮಾಡಿ ಬೀರುಲಿ ಇಟ್ಳು, ಅಷ್ಟೇ."

"ನಂಗೆ ಯಾಕೆ ಯಾರೂ ಹೇಳ್ಲಿಲ್ಲ?"

ತಟ್ಟೆ ಒರೆಸುತ್ತಿದ್ದ ಸೋಲ್ವೈ ತಲೆಯೆತ್ತಲಿಲ್ಲ. "ಅಜ್ಜಿ ಬಂದು ಹೇಳಿದ ದಿನ ನಿನ್ನ ದೀಪ ಹತ್ತಿತ್ತು. ಪಿಸುಮಾತಲ್ಲಿ ಹೇಳಿದ್ಳು. ನಾನೂ ಅಪ್ಪನೂ ಪಿಸುಮಾತಲ್ಲೇ ಸಮಾಧಾನ ಮಾಡಿದ್ವಿ."

ಮರುದಿನದಿಂದ ಅಡುಗೆಮನೆ ಮೂಕಾಯಿತು. ಅಡುಗೆ ನಿಲ್ಲಲಿಲ್ಲ. ಹೊತ್ತಿಗೆ ಸರಿಯಾಗಿ ರೈ ಬ್ರೆಡ್ಡು, ಬೇಯಿಸಿದ ಮೀನು, ಸಾರು ಎಲ್ಲ ಮೇಜಿಗೆ ಬರುತ್ತಿತ್ತು. ಆದರೆ ರಿಕ್ಕೆ ಒಳಗೆ ಕಾಲಿಟ್ಟಳೆಂದರೆ ಗುಡ್ರುನ್ ಹೊಗೆ ಎಳೆಯುವ ಫ್ಯಾನನ್ನು ಜೋರಾಗಿ ಹಾಕುತ್ತಿದ್ದಳು. ಉಪ್ಪು ಕೊಡು ಅಂದರೆ ಉಪ್ಪಿನ ಡಬ್ಬಿಯನ್ನು ಮಾತಿಲ್ಲದೆ ತಳ್ಳುತ್ತಿದ್ದಳು. ಗುನುಗುವುದನ್ನಂತೂ ಬಿಟ್ಟೇಬಿಟ್ಟಳು, ರಿಕ್ಕೆ ಊರಲ್ಲಿ ಇಲ್ಲದ ದಿನವೂ ಗುನುಗಲಿಲ್ಲ ಅಂತ ಸೋಲ್ವೈ ವರದಿ ಒಪ್ಪಿಸಿದಳು.

"ನೀನು ಏನಾದ್ರೂ ಹೇಳು ನಿಮ್ಮಮ್ಮಂಗೆ," ಅಂದಳು ರಿಕ್ಕೆ.

"ನಾನು ಬಸ್ ಓಡಿಸೋನು. ಇಬ್ರು ಹೆಂಗಸರು ಜಗಳ ಆಡ್ತಿದ್ರೆ ಕನ್ನಡೀಲಿ ನೋಡ್ತೀನಿ, ಗಾಡಿ ನಿಲ್ಸಲ್ಲ."

"ಕೆಲಸ ಹೋದ್ರೆ?"

"ಹೋದ್ರೆ ಹೋಯ್ತು. ಆದ್ರೆ ಮೊದ್ಲೇ ಕೇಳ್ಬೋದಿತ್ತು ನೀನು," ಅಂದ ಕ್ಲಾವ್ಸ್. ಅವನು ಅಷ್ಟು ಹೇಳಿದ್ದೇ ಆ ತಿಂಗಳಿಗೆ ದೊಡ್ಡ ಮಾತು.

ರಿಕ್ಕೆ ಓಡೆನ್ಸದಿಂದ ಒಬ್ಬ ಗಾಯಕಿಯನ್ನು ಕರೆಸಿ ಅದೇ ಧಾಟಿಯನ್ನು ಗುನುಗಿಸಿದಳು. ಗಾಯಕಿ ಬೇಕಾದಲ್ಲಿ ಬೇಕಾದಷ್ಟೇ ದನಿ ಒಡೆದುಕೊಟ್ಟಳು. ಯೆಪ್ಪೆ ಕೇಳಿ, "ಈಕೆ ಆರೋಗ್ಯವಾಗಿದಾಳೆ. ನಂಗೆ ಆರೋಗ್ಯ ಬೇಡ," ಅಂದ. "ನಾನೇ ಬಂದು ಮಾತಾಡ್ತೀನಿ ನಿಮ್ಮತ್ತೆ ಹತ್ರ."

ಶುಕ್ರವಾರ ರೈಲು ಹತ್ತಿ ಬಂದೂ ಬಂದ, ಕೈಯಲ್ಲಿ ಹೂವಿನ ಗೊಂಚಲು. ಗುಡ್ರುನ್ ಹೂವನ್ನು ಹಾಲಿನ ಜಗ್ಗಿಗೆ ಹಾಕಿ, ಹುರಿದ ಹಂದಿಮಾಂಸ ಬಡಿಸಿ, ಮೇಲೆ ಪಾರ್ಸ್ಲಿ ಸೊಪ್ಪಿನ ಬಿಳಿ ಗೊಜ್ಜು ಸುರಿದಳು. ಅವನು ಮೂರನೇ ಸಲ ಹಾಕಿಸಿಕೊಂಡ ಮೇಲೆ ಎದುರಿಗೆ ಕುರ್ಚಿ ಎಳೆದು ಕೂತಳು.

"ಕೋಪನ್‌ಹೇಗನ್ನಲ್ಲಿ ಊಟ ಹಾಕಲ್ವೇನಪ್ಪ ನಿಂಗೆ?"

"ಇಂಥದ್ದು ಹಾಕಲ್ಲ."

"ಇರ್ಲಿ ತಿನ್ನು. ಈಗ ಹೇಳು, ನನ್ನ ದನೀಲಿ ನಿಂಗೆ ಏನು ಹಿಡಿಸ್ತು? ಗೊಜ್ಜಿಗೆ ಬೆಣ್ಣೆ ನಾನು ಹಾಕಿದೀನಿ, ಮಾತಿಗೆ ನೀನು ಹಾಕ್ಬೇಡ."

ರಿಕ್ಕೆ ಮೇಜಿನ ಕೆಳಗೆ ಅವನ ಕಾಲು ಒದ್ದಳು. ಒದ್ದದ್ದು ಕ್ಲಾವ್ಸ್‌ನ ಕಾಲಿಗೆ ಬಿತ್ತು.

"ಒಡೆದಿರೋದು," ಅಂದ ಯೆಪ್ಪೆ. "ಮೇಲಕ್ಕೆ ಹೋಗೋವಾಗ ಒಡೆಯತ್ತಲ್ಲ, ಅದು. ಚೆನ್ನಾಗಿ ಹಾಡೋರು ಬೇಕಾದಷ್ಟು ಜನ ಸಿಗ್ತಾರೆ."

ಗುಡ್ರುನ್ ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಪುಡಿಯನ್ನು ಅಂಗೈಗೆ ಒಟ್ಟು ಮಾಡಿದಳು.

"ಅದೇ ಒಡಕಿಗೆ ಒಬ್ಬ ಹುಡುಗ ನನ್ನ ಮೇಳದಿಂದ ಆಚೆ ಕಳಿಸ್ದ. ಅದೇ ಒಡಕು ಬೇಕು ಅಂತ ಇನ್ನೊಬ್ಬ ಹುಡುಗ ಹೂವು ತರ್ತಾನೆ. ನಿಮ್ಮಿಬ್ರಿಗೂ ನನ್ನ ಹಾಡು ಬೇಡ." ಪುಡಿಯನ್ನು ತಟ್ಟೆಗೆ ಉದುರಿಸಿದಳು. "ಒಂದು ಕೆಲಸ ಮಾಡೋಣ. ದೀಪ ಹಚ್ಚು ರಿಕ್ಕೆ. ನಾನು ಕೆಳಗೆ ಬಂದು ಹಾಡ್ತೀನಿ, ಗೊತ್ತಿದ್ದು ಹಾಡ್ತೀನಿ. ಬೇಕಾದ್ರೆ ಅದನ್ನ ಹಾಕ್ಕೊಳ್ಳಿ, ಹಳೇದನ್ನ ತೆಗೀರಿ. ಹಂಗಾದ್ರೆ ಸಹಿ ಹಾಕ್ತೀನಿ."

ಯೆಪ್ಪೆ ಸಂತೋಷವಾಗಿ ಊರಿಗೆ ಹೋದ. ರಿಕ್ಕೆಗೆ ಸಂತೋಷವಾಗಲಿಲ್ಲ.

ಶನಿವಾರ ಬೆಳಗ್ಗೆ ಗುಡ್ರುನ್ ಮೇಳದ ನೀಲಿ ರವಿಕೆ ತೊಟ್ಟು, ಕೂದಲು ಬಾಚಿ, ಜೇನು ಹಾಕಿದ ಬಿಸಿನೀರು ಕುಡಿದು ಮೆಟ್ಟಿಲಿಳಿದಳು. ಆ ಕೋಣೆಗೆ ಆಕೆ ಬಂದದ್ದು ಅದೇ ಮೊದಲು. ದೀಪ ಹತ್ತಿತು. ಮೇಲೆ ಕ್ಲಾವ್ಸ್ ಚಪ್ಪಲಿ ಬಿಚ್ಚಿ ಕೂತ. ಸೋಲ್ವೈ ಫ್ರಿಜ್ಜಿನ ಪ್ಲಗ್ಗು ಕಿತ್ತಳು.

ಗುಡ್ರುನ್ ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆಯಿಂದ ಉಸಿರೆಳೆದು ಹಾಡಿದಳು. ಒಂದು ಕಡೆಯೂ ಒಡೆಯಲಿಲ್ಲ. ಒಡೆಯುವ ಜಾಗ ಬರುವ ಮೊದಲೇ ದನಿಯನ್ನು ಕೆಳಗಿಳಿಸಿ, ಕಳ್ಳದಾರಿಯಲ್ಲಿ ಸುತ್ತಿ, ಆಚೆ ಬದಿಗೆ ಹತ್ತಿದಳು. ಮುಗಿದ ಮೇಲೆ ಕೆನ್ನೆ ಕೆಂಪಾಗಿತ್ತು.

"ಹೆಂಗಿತ್ತು?"

"ಚೆನ್ನಾಗಿತ್ತು," ಅಂದಳು ರಿಕ್ಕೆ. ಅದು ಸುಳ್ಳಲ್ಲ. ಯಾವ ಚರ್ಚಿನಲ್ಲಾದರೂ ಎದ್ದು ನಿಂತು ಕೇಳುವ ಹಾಗಿತ್ತು. ಆ ದೃಶ್ಯದ ಕೆಳಗೆ ಇಟ್ಟರೆ ಮಾತ್ರ, ಹೆಣ ಗುರುತು ಹಿಡಿದು ಬಂದ ತಾಯಿ ಭಾನುವಾರದ ಪ್ರಾರ್ಥನೆಗೆ ಹೊರಟ ಹಾಗೆ ಕಾಣುತ್ತಿದ್ದಳು.

ಗುಡ್ರುನ್ ಅಲ್ಲೇ ಸಹಿ ಹಾಕಿ ಕೊಟ್ಟಳು. ಆವತ್ತು ಮಧ್ಯಾಹ್ನ ಆಪಲ್ ಕೇಕು ಮಾಡಿದಳು, ಫ್ಯಾನು ಹಾಕಲಿಲ್ಲ.

ಯೆಪ್ಪೆ ಹೊಸದನ್ನು ಕೇಳಿ ಅರ್ಧಕ್ಕೇ ಫೋನು ಮಾಡಿದ. "ಇದು ಬೇಡ. ಹಳೇದೇ ಇರ್ಲಿ."

"ಆಕೆ ಒಪ್ಕೊಂಡಿದ್ದು ಹೊಸದಕ್ಕೆ."

"ಸಹಿ ಇದೆ ತಾನೆ? ಕಾಗದದಲ್ಲಿ ಯಾವ ಹಾಡು, ಯಾವ ದಿನ ಅಂತ ಏನೂ ಬರ್ದಿಲ್ಲ. ಮುದುಕಿಗೆ ಎಲ್ಲಿ ಗೊತ್ತಾಗತ್ತೆ?"

"ನಿಂಗೆ ಗೊತ್ತಾಗಲ್ವಾ?"

"ನಂಗೆ ಗೊತ್ತಾಗತ್ತೆ."

"ಆಕೆ ಕಿವಿ ನಿನ್ನ ಕಿವಿಗಿಂತ ಹಳೇದು ಯೆಪ್ಪೆ. ಮಂಗಳವಾರದ ತನಕ ಟೈಮ್ ಕೊಡು."

ಮಂಗಳವಾರದ ತನಕ ರಿಕ್ಕೆ ದೀಪ ಹಚ್ಚಲಿಲ್ಲ, ಮೈಕು ಬೇಕಿರಲಿಲ್ಲ. ಫೋನಿನಲ್ಲಿ ಹಿಡಿದದ್ದನ್ನೇ ತೆರೆದು, ಅದರಿಂದ ದನಿಯನ್ನು ಒಂದೊಂದು ಎಳೆಯಾಗಿ ಕತ್ತರಿಸಿ ತೆಗೆದಳು. ಉಳಿದದ್ದು ಸಿಪ್ಪೆಯ ಮೇಲೆ ಹೋಗುವ ಚಾಕಿನ ಸರಕ್ ಸರಕ್, ನೀರಿಗೆ ಬೀಳುವ ಗಡ್ಡೆ, ಪ್ರತಿ ಸಾಲಿಗೆ ಮುಂಚೆ ಎಳೆದುಕೊಂಡ ಉಸಿರು. ಉಸಿರಾದ ಮೇಲೆ ಹಾಡು ಬರಬೇಕಾದ ಜಾಗ ಖಾಲಿ. ಸೆಲ್ಲೊವನ್ನೂ ಅಲ್ಲಿಂದ ಎತ್ತಿಬಿಟ್ಟಳು.

ಹೆಡ್‌ಫೋನು ಹಿಡಿದು ಮೇಲೆ ಬಂದಾಗ ಗುಡ್ರುನ್ ಈರುಳ್ಳಿ ಹೆಚ್ಚುತ್ತಿದ್ದಳು.

"ಗುಡ್ರುನ್, ಒಂದು ಮಾತು. ನೀನು ಶನಿವಾರ ಹಾಡಿದ್ದು ತುಂಬ ಚೆನ್ನಾಗಿತ್ತು. ಆದ್ರೆ ಆ ದೃಶ್ಯಕ್ಕೆ ಅದು ಹೊಂದಲ್ಲ. ಹಾಕಕ್ಕಾಗಲ್ಲ."

ಚಾಕು ನಿಂತಿತು. ಗುಡ್ರುನ್ ಮೇಜಿನ ಮೇಲೆ ಆಚೆ ಈಚೆ ನೋಡಿದಳು.

"ಕೇಕ್ ಎಲ್ಲಿ?"

"ಏನು?"

"ಇಂಥದ್ದು ಹೇಳೋಕೆ ಬರೋರು ಕೇಕ್ ತರ್ತಾರೆ."

ರಿಕ್ಕೆ ಹೆಡ್‌ಫೋನನ್ನು ಚಾಚಿದಳು. "ಹಳೇದೂ ಹಾಕಲ್ಲ. ಇದನ್ನ ಕೇಳು. ನೀನು ಬೇಡ ಅಂದ್ರೆ ಇದನ್ನೂ ಅಳಿಸ್ತೀನಿ."

ಗುಡ್ರುನ್ ಈರುಳ್ಳಿಯ ಕೈಯಲ್ಲೇ ಅದನ್ನು ಕಿವಿಗೆ ಹಾಕಿಕೊಂಡಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಅದು ಈರುಳ್ಳಿಯದು. ಕೇಳಿ ಮುಗಿಸಿ ತೆಗೆದಳು.

"ಇದು ನನ್ನ ಚಿಕ್ಕ ಚಾಕು."

"ಹೌದು."

"ಹಿಡಿ ಸಡಿಲ ಆಗಿದೆ, ಟಕ್ ಅನ್ನತ್ತೆ. ಕ್ಲಾವ್ಸ್‌ಗೆ ಎಷ್ಟು ಸಲ ಹೇಳ್ದೆ ಸ್ಕ್ರೂ ಬಿಗಿ ಮಾಡು ಅಂತ."

"ಹಾಕ್ಲಾ, ಬೇಡ್ವಾ?"

ಗುಡ್ರುನ್ ಮತ್ತೆ ಈರುಳ್ಳಿ ಹೆಚ್ಚತೊಡಗಿದಳು. "ಚಾಕಿಗೇನು ನಾಚಿಕೆ. ಹಾಕು. ನನ್ನ ಹೆಸರು ಮಾತ್ರ ಹಾಕ್ಬೇಡ."

ಯೆಪ್ಪೆ ಎರಡು ದಿನ ಫೋನು ಎತ್ತಲಿಲ್ಲ. ಆಮೇಲೆ, ಆಗಲಿ, ಸಮಯವಿಲ್ಲ, ಇದೇ ಇರಲಿ ಅಂತ ಒಂದು ಸಾಲು ಬರೆದ. ಕಂತುಗಳ ಶುರುವಿಗೂ ಜಾಹೀರಾತಿಗೂ ಬೇರೆ ಯಾರದೋ ಸಂಗೀತ ಹಾಕಿಸಿದ. ಅವನ ಮುಂದಿನ ಧಾರಾವಾಹಿಗೆ ಸ್ವೀಡನ್ನಿನ ಒಬ್ಬನನ್ನು ಗೊತ್ತುಮಾಡಿದ್ದಾನೆ ಅಂತ ರಿಕ್ಕೆಗೆ ಬೇರೆಯವರಿಂದ ತಿಳಿಯಿತು. ಕ್ಲಾವ್ಸ್ ಶನಿವಾರದ ಹೆಚ್ಚಿನ ಪಾಳಿ ಕೇಳಿ ಬರೆಸಿದ.

ಮಾರ್ಚ್ ತಿಂಗಳ ಒಂದು ಭಾನುವಾರ ನಾಲ್ವರೂ ಸೋಫಾದ ಮೇಲೆ ಒತ್ತಿಕೊಂಡು ಕೂತರು. ಆ ದೃಶ್ಯ ಬಂತು. ತಾಯಿ ಅಡುಗೆಮನೆಯಲ್ಲಿ ನಿಂತಿದ್ದಾಳೆ. ಸರಕ್ ಸರಕ್. ಟಕ್. ಒಂದು ಉಸಿರು, ಆಮೇಲೆ ಏನೂ ಇಲ್ಲ.

"ಅಜ್ಜಿ, ನಿನ್ನ ಆಲೂಗಡ್ಡೆ," ಅಂದಳು ಸೋಲ್ವೈ.

"ಶ್," ಅಂದಳು ಗುಡ್ರುನ್.

ಮುಗಿದ ಮೇಲೆ ಆಕೆ ಕಾಫಿ ಬಟ್ಟಲುಗಳನ್ನು ಜೋಡಿಸುತ್ತ ಕೇಳಿದಳು, "ಅಲ್ಲಿ ನಾನು ಹಾಡ್ಬೇಕಿತ್ತಲ್ವಾ, ಉಸಿರಾದ್ಮೇಲೆ?"

"ಹೌದು," ಅಂದಳು ರಿಕ್ಕೆ.

"ಹ್ಞೂಂ," ಅಂದು ಬಟ್ಟಲು ಎತ್ತಿಕೊಂಡು ಹೋದಳು.

ಮರುದಿನ ಸಂಜೆ ರಿಕ್ಕೆ ಅಡುಗೆಮನೆಯ ಮೇಜಿಗೆ ಬಂದು ಕೂತಳು. ಗುಡ್ರುನ್ ಬೆನ್ನು ಹಾಕಿ ನಿಂತಿದ್ದಳು. ಫ್ಯಾನು ನಿಂತಿತ್ತು.

"ದೀಪ?"

"ಆರಿದೆ."

"ಫೋನು?"

"ಮೇಲೆ, ಹಾಸಿಗೆ ಮೇಲಿದೆ. ಸೋಲ್ವೈ ಬೇಕಾದ್ರೆ ತೋರಿಸ್ತಾಳೆ."

ಚಾಕು ಸಿಪ್ಪೆಯ ಮೇಲೆ ಓಡತೊಡಗಿತು. ಟಕ್ ಅನ್ನುತ್ತಿರಲಿಲ್ಲ, ಯಾರೋ ಸ್ಕ್ರೂ ಬಿಗಿ ಮಾಡಿದ್ದರು. ಆಮೇಲೆ ಉಸಿರು. ಉಸಿರಾದ ಮೇಲೆ, ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ, ಗುನುಗು. ಹೊಸ ಧಾಟಿ. ಮೇಲೇರಿದಲ್ಲಿ ಅದು ಎರಡಾಗಿ ಸೀಳಿತು, ಗುಡ್ರುನ್ ಸುತ್ತಿ ಹೋಗಲಿಲ್ಲ, ಸೀಳಿದಲ್ಲೇ ನಡೆದುಕೊಂಡು ಹೋದಳು. ಹಳೆಯದಕ್ಕಿಂತ ಇದು ಚೆನ್ನಾಗಿತ್ತು. ರಿಕ್ಕೆ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಅಲ್ಲಾಡದೆ ಕೂತಳು.

ಗುನುಗು ಅರ್ಧಕ್ಕೆ ನಿಂತಿತು.

"ದೆವ್ವ ಹಿಡ್ದೋರ ಹಂಗೆ ಕೂತ್ಕೊಂಡು ಕೇಳ್ಬೇಡ," ಅಂದಳು ಗುಡ್ರುನ್, ತಿರುಗದೆ. "ಆ ಕ್ಯಾರೆಟ್ ಹೆರೆ."

ರಿಕ್ಕೆ ಎದ್ದು ಕ್ಯಾರೆಟ್ಟು ತೆಗೆದುಕೊಂಡು ಪಕ್ಕದಲ್ಲಿ ನಿಂತಳು. ಗುನುಗು ಮತ್ತೆ ಶುರುವಾಯಿತು. ಕ್ಯಾರೆಟ್ಟು ಹೆರೆಯುವ ಸದ್ದಿನಲ್ಲಿ ಅದು ಅವಳಿಗೆ ಅರ್ಧಂಬರ್ಧ ಕೇಳಿಸಿತು.